ದೊಡ್ಡ ಪ್ರಕಾಶಕರ ಹೆಸರಲ್ಲಿ ಮೇಲ್ ಬಂದರೆ ಒಂದು ರೂಪಾಯಿ ಕೂಡ ಕಳಿಸಬೇಡಿ

71,000 ರೂಪಾಯಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಬಾಯಿ ಬರುವುದಿಲ್ಲ. ಎರಡು ತಿಂಗಳಲ್ಲಿ, ಮೂರು ಕಂತಿನಲ್ಲಿ, ನಾನೇ ನನ್ನ ಕೈಯಾರೆ ಕಳಿಸಿದ್ದು. ಮನೆಯವರಿಗೆ ಹೇಳಿದ್ದು ಮೊನ್ನೆ.

2019ರಲ್ಲಿ ನನ್ನ ಕಾದಂಬರಿ ಕನ್ನಡದಲ್ಲಿ ಬಂತು. ಸಣ್ಣ ಪ್ರಕಾಶನ, 500 ಪ್ರತಿ. ಅವರು ನನ್ನ ಹತ್ತಿರ ದುಡ್ಡು ಕೇಳಲಿಲ್ಲ. ಶೇ. 10 ರಾಯಲ್ಟಿ, ಅಂದರೆ ಮಾರಾಟದಲ್ಲಿ ಲೇಖಕರ ಪಾಲು, ಅಂದರು, 25 ಗೌರವ ಪ್ರತಿ ಕೊಟ್ಟರು, ಮುಗಿಯಿತು. ಆಮೇಲೆ 2025ರಲ್ಲಿ ಕನ್ನಡದ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ನಮ್ಮಂಥವರಿಗೂ ಆಸೆ ಹುಟ್ಟಿತು. ಸುಳ್ಳೇಕೆ ಹೇಳಲಿ. ಅಣ್ಣನ ಮಗಳು ಕೂತು ಮೂರು ಅಧ್ಯಾಯ ಇಂಗ್ಲಿಷಿಗೆ ಮಾಡಿಕೊಟ್ಟಳು. ಅದನ್ನು ಫೇಸ್‌ಬುಕ್‌ಗೆ ಹಾಕಿದೆ. ಹತ್ತೇ ದಿನಕ್ಕೆ ಮೇಲ್ ಬಂತು.

ನ್ಯೂಯಾರ್ಕ್‌ನ ಹಿರಿಯ ಸಂಪಾದಕರಂತೆ. ಪೆಂಗ್ವಿನ್ ರಾಂಡಮ್ ಹೌಸ್ ಮತ್ತು ಸೈಮನ್ ಅಂಡ್ ಶುಸ್ಟರ್ ಅನ್ನುವ ಎರಡು ದೊಡ್ಡ ಪ್ರಕಾಶನ ಸಂಸ್ಥೆ ಒಂದಾದ ಮೇಲೆ ಶುರುವಾದ ಹೊಸ ವಿಭಾಗವಂತೆ. ಆ ಎರಡು ಸಂಸ್ಥೆಗಳಿಗೂ ಈ ಕಳ್ಳರಿಗೂ ಯಾವ ಸಂಬಂಧವೂ ಇಲ್ಲ, ಹೆಸರು ಕದ್ದಿದ್ದಾರೆ. ಅಸಲಿಗೆ ಅವೆರಡೂ ಒಂದಾಗಲೇ ಇಲ್ಲ! ಪೆಂಗ್ವಿನ್‌ನವರು ಸೈಮನ್ ಅಂಡ್ ಶುಸ್ಟರನ್ನು ಕೊಳ್ಳಲು ಹೊರಟಿದ್ದರು, 2022ರಲ್ಲಿ ಅಮೆರಿಕದ ಕೋರ್ಟ್ ಆ ಖರೀದಿಯನ್ನು ತಡೆಯಿತು. ಮರುವರ್ಷ ಸೈಮನ್ ಅಂಡ್ ಶುಸ್ಟರನ್ನು ಕೊಂಡದ್ದು ಕೆಕೆಆರ್ ಅನ್ನುವ ಹೂಡಿಕೆ ಕಂಪನಿ. ಐದು ನಿಮಿಷ ಹುಡುಕಿದ್ದರೆ ಸಿಗುತ್ತಿತ್ತು. ನಾನು ಹುಡುಕಲಿಲ್ಲ.

ಮೊದಲು 14,000, ಹಸ್ತಪ್ರತಿ ಪರಿಶೀಲನೆಗೆ. ಆಮೇಲೆ 11,000, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಮತ್ತು ಕಾಪಿರೈಟ್‌ಗೆ. ಆಮೇಲೆ 46,000, ಫ್ರಾಂಕ್‌ಫರ್ಟ್ ಪುಸ್ತಕ ಮೇಳದಲ್ಲಿ ಇಡುವುದಕ್ಕೆ. ಖಾತೆ ಯಾರೋ ಒಬ್ಬ ವ್ಯಕ್ತಿಯ ಹೆಸರಲ್ಲಿತ್ತು, ಬ್ಯಾಂಕ್ ಇಲ್ಲಿಯದೇ. ಯಾಕೆ ಅಂತ ಕೇಳಿದೆ. "ನಮ್ಮ ಭಾರತದ ಪ್ರತಿನಿಧಿಯ ಖಾತೆ, ನಿಮಗೆ ಡಾಲರಿನ ತೊಂದರೆ ಬೇಡ ಅಂತ" ಎಂದು ಉತ್ತರ ಬಂತು. ನಂಬಿದೆ. ಕನ್ನಡದಲ್ಲಿ ಒಳ್ಳೆಯ ಪ್ರಕಾಶಕರು ದುಡ್ಡು ಕೇಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, ದೊಡ್ಡವರ ಕಡೆ ರೀತಿಯೇ ಬೇರೆ ಇರಬೇಕು ಅಂದುಕೊಂಡೆ. ನಾನು ಮೋಸಹೋದದ್ದು ಇಲ್ಲೇ.

ಕರಾರು ಪತ್ರ ಬಂದ ದಿನ ಪೇಡೆ ತಗೊಂಡು ನನ್ನ ಹಳೇ ಪ್ರಕಾಶಕರ ಅಂಗಡಿಗೆ ಹೋದೆ. ಅವರು ಪುಸ್ತಕದ ಪಾರ್ಸೆಲ್‌ಗೆ ಕಂದು ಟೇಪ್ ಸುತ್ತುತ್ತಿದ್ದರು. ಟೇಪ್ ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು, ನನ್ನ ಮೊಬೈಲಿನಲ್ಲಿ ಒಂಬತ್ತು ಪುಟವನ್ನೂ ನಿಧಾನವಾಗಿ ಓದಿದರು. ಮತ್ತೆ ಮೊದಲಿಂದ ಓದಿದರು.

"ಅಲ್ರೀ ಅಕ್ಕಾರ, ಅವರು ನಿಮಗ ಎಷ್ಟು ಕೊಡ್ತಾರ ಅಂತ ಇದರಾಗ ಎಲ್ಲೈತ್ರಿ?"

ನಾನು ಹುಡುಕಿದೆ. ನಾನು ಕೊಡಬೇಕಾದ್ದು ನಾಲ್ಕು ಕಡೆ ಇತ್ತು. ಅವರು ಕೊಡುವುದು ಒಂದು ಕಡೆಯೂ ಇರಲಿಲ್ಲ. ಪೇಡೆಯ ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು. ಆ ಕ್ಷಣ ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತದೆ. ಐಎಸ್‌ಬಿಎನ್ ನಮ್ಮ ದೇಶದಲ್ಲಿ ಪುಕ್ಕಟೆ ಅಂತ ಹಳೇ ಪ್ರಕಾಶಕರೇ ಹೇಳಿದರು. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಕೊಡುತ್ತದೆ. ಅಮೆರಿಕದಲ್ಲಿ ಅದನ್ನು ಕೊಳ್ಳಬೇಕು, ಆದರೆ ಅದು ಪ್ರಕಾಶಕರ ಖರ್ಚು. ಕಾಪಿರೈಟ್ ಅಂತೂ ಬರೆದ ಕೂಡಲೇ ಬರೆದವರದ್ದೇ. ನೋಂದಣಿ ಬೇಕೇ ಬೇಕು ಅಂದರೂ ನಮ್ಮಲ್ಲಿ ಸರ್ಕಾರದ ಶುಲ್ಕ 500 ರೂಪಾಯಿ. ನಾನು 11,000 ಕೊಟ್ಟೆ. ಹನ್ನೊಂದು ಸಾವಿರ!

ರಾತ್ರಿ ಆ ಕಳ್ಳರಿಗೆ ಮೇಲ್ ಬರೆದೆ. ದುಡ್ಡು ವಾಪಸ್ ಕೊಡಿ ಅಂದೆ. "ಪ್ರಿಯ ಲೇಖಕಿ, ಇಷ್ಟು ಹತ್ತಿರ ಬಂದು ಹಿಂದೆ ಸರಿಯುವವರೇ ಆಮೇಲೆ ಪಶ್ಚಾತ್ತಾಪ ಪಡುತ್ತಾರೆ" ಅಂತ ಬಂತು. ಜೊತೆಗೆ ಸಿನಿಮಾ ಹಕ್ಕಿನ ಮಾತುಕತೆಗೆ 1,85,000 ಕಳಿಸಬೇಕಂತೆ. ಆಗ ಒಂದು ಪ್ರಶ್ನೆ ಕೇಳಿದೆ. ನನ್ನ ಕಾದಂಬರಿಯಲ್ಲಿ ಆ ಹುಡುಗಿ ಬಾವಿಗೆ ಬೀಳುವ ಭಾಗ ನಿಮಗೆ ಹೇಗನ್ನಿಸಿತು ಅಂತ. ಹತ್ತು ನಿಮಿಷಕ್ಕೇ ಉತ್ತರ: "ಅದನ್ನು ಓದಿ ನಮ್ಮ ಇಡೀ ತಂಡ ಕಣ್ಣೀರು ಹಾಕಿತು."

ನನ್ನ ಕಾದಂಬರಿಯಲ್ಲಿ ಯಾರೂ ಬಾವಿಗೆ ಬೀಳುವುದಿಲ್ಲ. ಬಾವಿಯೇ ಇಲ್ಲ.

ದುಡ್ಡಿಗಿಂತ ಇದು ಜಾಸ್ತಿ ನೋಯಿಸಿತು. ಆರು ವರ್ಷ ಬರೆದ ಪುಸ್ತಕ. ಒಬ್ಬನೂ ಒಂದು ಪುಟ ಓದಿರಲಿಲ್ಲ.

ಈಗ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ, ನಿಮಗಾದರೂ ಉಪಯೋಗವಾಗಲಿ. ಇಂಗ್ಲಿಷಿನಲ್ಲಿ ದೊಡ್ಡವರು ಅಂದರೆ ಐದು ಸಂಸ್ಥೆ: ಮೇಲೆ ಹೇಳಿದ ಎರಡು, ಜೊತೆಗೆ ಹಾರ್ಪರ್‌ಕಾಲಿನ್ಸ್, ಹ್ಯಾಶೆಟ್, ಮ್ಯಾಕ್ಮಿಲನ್. ಅಮೆರಿಕದಲ್ಲಿ ಏಜೆಂಟ್ (ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತಾಡುವವರು) ಇಲ್ಲದೆ ಬಂದ ಹಸ್ತಪ್ರತಿಯನ್ನು ಇವರು ಸಾಮಾನ್ಯವಾಗಿ ತೆಗೆದೇ ನೋಡುವುದಿಲ್ಲ. ಅಂಥವರು ಫೇಸ್‌ಬುಕ್ ನೋಡಿ ನಮ್ಮನ್ನು ಹುಡುಕಿಕೊಂಡು ಬರುತ್ತಾರಾ? ಒಳ್ಳೆಯ ಏಜೆಂಟ್ ಕೂಡ ಮೊದಲೇ ಶುಲ್ಕ ಕೇಳುವುದಿಲ್ಲ. ನಮಗೆ ಬಂದ ದುಡ್ಡಿನಲ್ಲಿ ಸಾಮಾನ್ಯವಾಗಿ ಶೇ. 15 ಹಿಡಿದುಕೊಳ್ಳುತ್ತಾರೆ, ಅಷ್ಟೇ. ಪ್ರಕಾಶಕರು ಮುಂಗಡ ಕೊಡುತ್ತಾರೆ, ಅದನ್ನು ರಾಯಲ್ಟಿಯಲ್ಲಿ ಮುರಿದುಕೊಳ್ಳುತ್ತಾರೆ. ಅಚ್ಚು, ಮುಖಪುಟ, ಮೇಳ ಎಲ್ಲ ಅವರ ಖರ್ಚು. ಇನ್ನೊಂದು ಮಾತು. ಬೂಕರ್ ಬಂದ ಆ ಕತೆಗಳನ್ನು ಇಂಗ್ಲೆಂಡಿನಲ್ಲಿ ತಂದದ್ದು ಈ ಐದರಲ್ಲಿ ಯಾರೂ ಅಲ್ಲ, ಶೆಫೀಲ್ಡ್‌ನ ಒಂದು ಸಣ್ಣ ಪ್ರಕಾಶನ. ನಾನು ಸುಮ್ನೆ ದೊಡ್ಡ ಹೆಸರಿನ ಹಿಂದೆ ಬಿದ್ದೆ.

ಅನುಮಾನ ಬಂದರೆ ಆ ಸಂಸ್ಥೆಯ ವೆಬ್‌ಸೈಟ್‌ನಲ್ಲಿರುವ ವಿಳಾಸಕ್ಕೇ ಬರೆದು ಕೇಳಿ. ಬಂದ ಮೇಲ್‌ಗೆ ಉತ್ತರಿಸಿ ಕೇಳಬೇಡಿ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ನಾಚಿಕೆಯಿಂದ ಮೂರು ವಾರ ಸುಮ್ಮನಿದ್ದೆ. ಅಷ್ಟರಲ್ಲಿ ಆ ಖಾತೆ ಖಾಲಿಯಾಗಿತ್ತು. ದಯವಿಟ್ಟು ಹಾಗೆ ಸುಮ್ಮನಿರಬೇಡಿ.

ನಿನ್ನೆ ಇನ್ನೊಂದು ಮೇಲ್ ಬಂದಿದೆ. ಬೇರೆ ಹೆಸರು, ಅದೇ "ಪ್ರಿಯ ಲೇಖಕಿ". ವಕೀಲರಂತೆ. ಕಳೆದುಕೊಂಡ ದುಡ್ಡು ವಾಪಸ್ ಕೊಡಿಸುತ್ತಾರಂತೆ, ಮೊದಲು 8,000 ಕಟ್ಟಬೇಕಂತೆ. ಇಂಥದ್ದು ನಿಮಗೂ ಬಂದಿದ್ದರೆ ಅಳಿಸಬೇಡಿ, ನನಗೆ ತಿಳಿಸಿ. ಸೋಮವಾರ ಮತ್ತೆ ಸೈಬರ್ ಠಾಣೆಗೆ ಹೋಗುತ್ತಿದ್ದೇನೆ, ದೂರಿಗೆ ಸೇರಿಸುತ್ತೇನೆ.