ಡೀವೋ, ಪೇರ್ ಊಬೂ: ಸದ್ದು ಬದಲಾದಾಗ ಉಳಿದದ್ದೇನು?

ಅಮೆರಿಕದ ಓಹಾಯೋ ರಾಜ್ಯದ ಎರಡು ಬ್ಯಾಂಡ್‌ಗಳ ಮೊದಲ ಆಲ್ಬಂಗಳು 1978ರಲ್ಲಿ ಬಂದವು. ಪೇರ್ ಊಬೂ ಉಕ್ಕಿನ ಕಾರ್ಖಾನೆಗಳ ಕ್ಲೀವ್‌ಲ್ಯಾಂಡಿನದು. ಡೀವೋ ಆಗ ಟೈರ್ ತಯಾರಿಕೆಗೆ ಹೆಸರಾಗಿದ್ದ ಆಕ್ರನ್‌ನದು. ಎರಡೂ ಅಕ್ಕಪಕ್ಕದ ಊರುಗಳು. ಎರಡೂ ಬ್ಯಾಂಡ್‌ಗಳಲ್ಲಿ ಗಿಟಾರ್ ಜೊತೆ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂಥ್) ಇತ್ತು. ಇವರ ಆಲ್ಬಂಗಳನ್ನು ಬಂದ ವರ್ಷದ ಕ್ರಮದಲ್ಲೇ ಒಂದಾದ ಮೇಲೆ ಒಂದು ಕೇಳಿದೆ. ಸದ್ದು ಬದಲಾದಾಗ ಇವರ ಸಂಗೀತದ ವಿಚಿತ್ರತನ ಉಳಿಯಿತಾ ಅಂತ ನೋಡಬೇಕಿತ್ತು.

ಮೊದಲ ಆಲ್ಬಂನಲ್ಲಿ ಡೀವೋ ಗೆಲ್ಲುತ್ತದೆ. ನಿರ್ಮಾಪಕ ಬ್ರಯಾನ್ ಈನೋ. ಎಲ್ಲವೂ ಬಿಗಿ, ಚುರುಕು. 'ಜಾಕೋ ಹೋಮೋ' ಏಳರ ಲೆಕ್ಕದಲ್ಲಿ ಶುರುವಾಗುತ್ತದೆ. ಮಿಶ್ರ ಛಾಪು ಕೇಳಿ ಬೆಳೆದ ಕಿವಿಗೆ ಏಳು ಹೊಸದೇನಲ್ಲ. ಆದರೆ ಇಲ್ಲಿ ಅದು ತೂಗುವುದಿಲ್ಲ, ಎಡವುತ್ತಾ ಓಡುತ್ತದೆ. ಡ್ರಮ್ಮರ್ ಅಲನ್ ಮೈಯರ್ಸ್ ಯಂತ್ರದಷ್ಟು ಕರಾರುವಾಕ್ಕಾಗಿ ಬಾರಿಸುತ್ತಾರೆ, ಹಾಗೆ ಬಾರಿಸಲು ಬೇಕಾದ ಶ್ರಮವೂ ಕೇಳಿಸುತ್ತದೆ. ಇವರನ್ನು ಸುಮ್ನೆ ತಮಾಷೆಯ ಬ್ಯಾಂಡ್ ಅಂದುಕೊಳ್ಳಬೇಡಿ. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತಾಗ ಡೀವೋದ ಜೆರಾಲ್ಡ್ ಕಸಾಲೆ ಅಲ್ಲೇ ಇದ್ದರು. ಮನುಷ್ಯ ಹಿಂದಕ್ಕೆ ಹೋಗುತ್ತಿದ್ದಾನೆ ಎಂಬ ಡೀವೋ ಮಾತಿನ ಹಿಂದೆ ಆ ದಿನ ಇದೆ.

ಪೇರ್ ಊಬೂ ಅಷ್ಟು ಬೇಗ ಒಲಿಯುವುದಿಲ್ಲ. 'ದ ಮಾಡರ್ನ್ ಡ್ಯಾನ್ಸ್' ಶುರುವಾಗುವುದೇ ಕಿವಿ ಚುಚ್ಚುವ ಸಿಂಥ್ ಸದ್ದಿನಿಂದ. ಆಮೇಲೆ ಹಳೇ ರಾಕ್ ಅಂಡ್ ರೋಲ್ ಗಿಟಾರ್ ಬರುತ್ತದೆ, ಆದರೂ ಆ ಸದ್ದು ಬಿಡುವುದಿಲ್ಲ. ಅಲನ್ ರೇವನ್‌ಸ್ಟೈನ್ ಸಿಂಥ್‌ನಲ್ಲಿ ರಾಗ ನುಡಿಸುವುದೇ ಕಡಿಮೆ. ಹಬೆ, ಸೀಟಿ, ಗುಡುಗು, ಇವೇ ಜಾಸ್ತಿ. ಅದರ ಮೇಲೆ ಡೇವಿಡ್ ಥಾಮಸ್ ದನಿ: ಕೀರಲು, ಗಾಬರಿ, ಕೆಲವೊಮ್ಮೆ ಬರೀ ಗೊಣಗಾಟ. ಅದೇ ವರ್ಷ ಬಂದ 'ಡಬ್ ಹೌಸಿಂಗ್' ಇನ್ನೂ ಕತ್ತಲು, ಇನ್ನೂ ಖಾಲಿ ಖಾಲಿ. ನನಗೆ ಎರಡೂ ಬ್ಯಾಂಡ್‌ಗಳ ಎಲ್ಲ ಆಲ್ಬಂಗಳಲ್ಲಿ ಇದೇ ಮೇಲು.

ಇನ್ನು ಬದಲಾವಣೆ. ಡೀವೋ 1980ರ 'ಫ್ರೀಡಂ ಆಫ್ ಚಾಯ್ಸ್'ನಲ್ಲಿ ಸಿಂಥ್ ಕಡೆ ವಾಲಿತು. ಅದರ 'ವಿಪ್ ಇಟ್' ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು. ಅಲ್ಲಿಯವರೆಗೂ ಮೈಯರ್ಸ್ ಕೈಚಳಕ ಹಾಡನ್ನು ಹಿಡಿದಿಟ್ಟಿದೆ. 1984ರ 'ಶೌಟ್' ಹೊತ್ತಿಗೆ ಫೇರ್‌ಲೈಟ್ ಎಂಬ ಡಿಜಿಟಲ್ ಸಿಂಥ್ ಎಲ್ಲ ಕಡೆ ಹರಡಿಕೊಂಡಿದೆ. ಇದು ನನಗೆ ಪೂರ್ತಿ ಕೇಳಲು ಕಷ್ಟವಾಯಿತು. ಮನುಷ್ಯ ಯಂತ್ರದಂತೆ ನುಡಿಸಿದರೆ ಬೆರಗು. ಯಂತ್ರವೇ ಹಾಗೆ ನುಡಿಸಿದರೆ ಏನು ವಿಶೇಷ, ಅಲ್ವಾ? ಅದಾದ ಮೇಲೆ ಮೈಯರ್ಸ್ ಬ್ಯಾಂಡ್ ಬಿಟ್ಟರು.

ಪೇರ್ ಊಬೂ 1982ರಲ್ಲಿ ಒಡೆದು 1987ರಲ್ಲಿ ಮತ್ತೆ ಸೇರಿತು. 1989ರ 'ಕ್ಲೌಡ್‌ಲ್ಯಾಂಡ್' ನೇರವಾಗಿ ಪಾಪ್. ಪೆಟ್ ಶಾಪ್ ಬಾಯ್ಸ್ ಜೊತೆ ಕೆಲಸ ಮಾಡಿದ್ದ ಸ್ಟೀಫನ್ ಹೇಗ್ ಅದರ ಹೆಚ್ಚಿನ ಹಾಡುಗಳ ನಿರ್ಮಾಪಕ. ಇಂಪಾದ ಕೋರಸ್, ನುಣುಪು ಡ್ರಮ್ಸ್. ಆದರೂ ಥಾಮಸ್ ಬಾಯಿ ತೆರೆದ ತಕ್ಷಣ ಇದು ಪೇರ್ ಊಬೂ ಅಂತ ಗೊತ್ತಾಗುತ್ತದೆ. ಅವರ ವಿಚಿತ್ರತನ ಆ ದನಿಯಲ್ಲೇ ಇತ್ತು, ಹಾಗಾಗಿ ಸ್ಟುಡಿಯೋ ಅದನ್ನು ತೊಳೆದುಹಾಕಲು ಆಗಲಿಲ್ಲ. ಥಾಮಸ್ 2025ರಲ್ಲಿ ತೀರಿಕೊಂಡರು. ಮೊದಲಿನಿಂದ ಕೊನೆಯವರೆಗೂ ಬ್ಯಾಂಡ್‌ನಲ್ಲಿ ಇದ್ದವರು ಅವರೊಬ್ಬರೇ.

ಹೊಸಬರು ಡೀವೋದ ಮೊದಲ ಆಲ್ಬಂನಿಂದ ಶುರು ಮಾಡಿ, ಅಲ್ಲಿಂದ 'ಫ್ರೀಡಂ ಆಫ್ ಚಾಯ್ಸ್'ಗೆ ಹೋಗಿ. 'ಡಬ್ ಹೌಸಿಂಗ್' ಮಾತ್ರ ಮೊಬೈಲ್ ಸ್ಪೀಕರ್‌ನಲ್ಲಿ ಬೇಡ. ರೇವನ್‌ಸ್ಟೈನ್ ಹಿಂದೆ ಏನು ಮಾಡುತ್ತಿದ್ದಾರೆ ಅನ್ನುವುದು ನನಗೆ ತಿಳಿದದ್ದೇ ಹೆಡ್‌ಫೋನ್ ಹಾಕಿಕೊಂಡ ಮೇಲೆ.