ಎಂಜಿ-132: ಪ್ರೋಟಿಯಾಸೋಮ್ ತಡೆಯಲು ಒಳ್ಳೆಯದು, ಹುಷಾರಾಗಿ ಬಳಸಿದರೆ

ಕೋಶದೊಳಗೆ ಪ್ರೋಟೀನ್ ಅರೆಯುವ ಗಿರಣಿಯಾದ ಪ್ರೋಟಿಯಾಸೋಮನ್ನು ಕೆಲಹೊತ್ತು ನಿಲ್ಲಿಸಿ ನೋಡಲು ಎಂಜಿ-132 ಇವತ್ತಿಗೂ ನೆಚ್ಚಬಹುದಾದ ರಾಸಾಯನಿಕ. 5 ಮಿ.ಗ್ರಾಂ ಪುಡಿಗೆ 1.05 ಮಿ.ಲೀ. ನೀರಿನಂಶವಿಲ್ಲದ ಡಿಎಂಎಸ್‌ಒ (ಪುಡಿ ಕರಗಿಸುವ ದ್ರಾವಕ) ಹಾಕಿದರೆ 10 ಮಿಲಿಮೋಲಾರ್ ದ್ರಾವಣ ಸಿಗುತ್ತದೆ. ಸಣ್ಣ ಸಣ್ಣದಾಗಿ ಹಂಚಿ ಮೈನಸ್ 20 ಡಿಗ್ರಿಯಲ್ಲಿಡಿ. ಪದೇಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಅಣುವಿನ ಆಲ್ಡಿಹೈಡ್ ತುದಿ ಕೆಟ್ಟು ಕಸುವು ಹೋಗುತ್ತದೆ. ಕೋಶಗಳಿಗೆ 10 ಮೈಕ್ರೋಮೋಲಾರ್, 4ರಿಂದ 6 ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಕೋಶಗಳೇ ಸಾಯತೊಡಗುತ್ತವೆ.

ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಯುಬಿಕ್ವಿಟಿನ್ (ಅರೆಯಬೇಕಾದ ಪ್ರೋಟೀನ್‌ಗೆ ಅಂಟುವ ಗುರುತಿನ ಚೀಟಿ) ಮೇಲಿನಿಂದ ಕೆಳಗೆ ಮಸಿ ಬಳಿದಂತೆ ಕಂಡರೆ ಕೆಲಸ ಆಗಿದೆ. ಮಸುಕಾಗಿದ್ದರೆ ಕೋಶ ಒಡೆಯುವ ದ್ರಾವಣಕ್ಕೆ (ಲೈಸಿಸ್ ಬಫರ್) ಎನ್-ಈಥೈಲ್‌ಮಲೆಇಮೈಡ್ ಹಾಕಿದ್ದೀರಾ ನೋಡಿ. ಇಲ್ಲದಿದ್ದರೆ ಕಿಣ್ವಗಳು ಯುಬಿಕ್ವಿಟಿನ್ ಸರಪಳಿಯನ್ನು ಕತ್ತರಿಸಿಬಿಡುತ್ತವೆ.

ನಿಜವಾದ ಕೊರತೆ ಒಂದೇ: ಪ್ರೋಟೀನ್ ಕತ್ತರಿಸುವ ಬೇರೆ ಕಿಣ್ವಗಳಾದ ಕ್ಯಾಲ್‌ಪೈನ್, ಕ್ಯಾಥೆಪ್ಸಿನ್‌ಗಳನ್ನೂ ಎಂಜಿ-132 ತಡೆಯುತ್ತದೆ. ಹಾಗಾಗಿ ಪ್ರೋಟಿಯಾಸೋಮ್ ತಡೆಯುವ ಬೇರೆ ರಾಸಾಯನಿಕಗಳಾದ ಎಪಾಕ್ಸೊಮೈಸಿನ್ ಅಥವಾ 2003ರಲ್ಲಿ ಅಮೆರಿಕದಲ್ಲಿ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದ ಬೊರ್ಟೆಜೊಮಿಬ್ ಜೊತೆ ಹೋಲಿಸದೆ ತೀರ್ಮಾನ ಬರೆಯಬೇಡಿ.