ಸಿಂಬಲ್ ಬಿದ್ದ ಮೇಲೆ: ಜಾಝ್, ಬ್ಲೂಸ್, ಫಂಕ್ ಕಲಾವಿದರ ಮೇಲಿನ ಕೆಲವು ಸಿನಿಮಾಗಳು

ಕ್ಯಾನ್ಸಾಸ್ ಸಿಟಿಯ ಒಂದು ಕ್ಲಬ್. ಮುಂದೆ ಜಾಝ್‌ನ ದೊಡ್ಡ ಹೆಸರಾಗುವ, ಇನ್ನೂ ಮೀಸೆ ಸರಿಯಾಗಿ ಮೂಡದ ಚಾರ್ಲಿ ಪಾರ್ಕರ್ ಸ್ಯಾಕ್ಸೋಫೋನ್ ಹಿಡಿದು ದೊಡ್ಡವರ ಜೊತೆ ನುಡಿಸಲು ನಿಲ್ಲುತ್ತಾನೆ. ಸ್ವಲ್ಪ ಹೊತ್ತಿಗೇ ದಾರಿ ತಪ್ಪುತ್ತಾನೆ. ಡ್ರಮ್ಮರ್ ಜೋ ಜೋನ್ಸ್ ತಮ್ಮ ಸಿಂಬಲ್, ಅಂದರೆ ಡ್ರಮ್ಮಿನ ಜೊತೆಗಿರುವ ಲೋಹದ ತಟ್ಟೆ, ಬಿಚ್ಚಿ ಅವನ ಕಾಲಬುಡಕ್ಕೆ ಎಸೆಯುತ್ತಾರೆ, ನೆರೆದವರೆಲ್ಲ ನಗುತ್ತಾರೆ. ಕ್ಲಿಂಟ್ ಈಸ್ಟ್‌ವುಡ್ 1988ರಲ್ಲಿ ಮಾಡಿದ ‘ಬರ್ಡ್’ ಸಿನಿಮಾದಲ್ಲಿ ಆ ಸಿಂಬಲ್ ಕೆಟ್ಟ ಕನಸಿನ ಹಾಗೆ ಮತ್ತೆ ಮತ್ತೆ ಗಾಳಿಯಲ್ಲಿ ತಿರುಗುತ್ತಾ ಬರುತ್ತದೆ.

ನಾನು ಕಾದಿದ್ದು ಅದರ ಮುಂದಿನ ಕಥೆಗೆ. ಅಷ್ಟು ಅವಮಾನ ಆದಮೇಲೆ ಆ ಹುಡುಗ ಮನೆಗೆ ಹೋಗಿ ಏನು ಮಾಡಿದ? ಪಾರ್ಕರ್ ಒಂದು ಸಂದರ್ಶನದಲ್ಲಿ ತಾವೇ ಹೇಳಿದ್ದಾರೆ: ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ಅಭ್ಯಾಸ ಮಾಡಿದರಂತೆ, ಆ ಸದ್ದು ತಡೆಯಲಾರದೆ ಅಕ್ಕಪಕ್ಕದವರು ಅವರ ತಾಯಿಗೆ ಮನೆ ಖಾಲಿ ಮಾಡಿ ಅನ್ನುವವರೆಗೂ ಹೋಗಿತ್ತಂತೆ. ಎಂಥಾ ದೃಶ್ಯ ಆಗಬಹುದಿತ್ತು ಅದು! ಎರಡೂವರೆ ಗಂಟೆಗೂ ಜಾಸ್ತಿ ಇರುವ ಸಿನಿಮಾದಲ್ಲಿ ಅದಕ್ಕೆ ಜಾಗವೇ ಸಿಕ್ಕಿಲ್ಲ. ಹೆರಾಯಿನ್ ಇದೆ, ಕುಡಿತ ಇದೆ, ಆಸ್ಪತ್ರೆ ಇದೆ, ಮಳೆಯಲ್ಲಿ ನೆನೆದ ರಸ್ತೆಗಳಿವೆ. ಅಭ್ಯಾಸ ಇಲ್ಲ.

ಸಂಗೀತಗಾರರ ಜೀವನದ ಮೇಲೆ ಬರುವ ಸಿನಿಮಾಗಳ ಬಗ್ಗೆ ನನ್ನ ತಕರಾರು ಇದೇ. ಅವರು ಹೇಗೆ ಹಾಳಾದರು ಅಂತ ತೋರಿಸುವಷ್ಟು ಆಸೆಯಿಂದ ಹೇಗೆ ಕಲಿತರು ಅಂತ ತೋರಿಸುವುದಿಲ್ಲ. ನಮ್ಮಲ್ಲಿ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ ನೋಡಿದವರಿಗೆ ಗೊತ್ತು, ಕಲಿಯುವ ಹಟವೇ ಒಂದು ಕಥೆ ಆಗಬಲ್ಲದು. ಹಾಗಾಗಿ ಕಳೆದ ಕೆಲವು ವಾರ ಈ ಸಿನಿಮಾಗಳನ್ನು ಒಂದಾದ ಮೇಲೊಂದು ನೋಡುವಾಗ ನಾನು ಹುಡುಕಿದ್ದು ಒಂದನ್ನೇ. ಸಂಗೀತ ಹುಟ್ಟುವ ಕೆಲಸ ಇಲ್ಲಿ ಕಣ್ಣಿಗೆ ಕಾಣುತ್ತದಾ?

ಹಾಗಂತ ‘ಬರ್ಡ್’ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ, ಕೇಳುವುದಕ್ಕಾದರೂ ನೋಡಲೇಬೇಕು. ಪಾರ್ಕರ್ ಅವರ ಹಳೆಯ ರೆಕಾರ್ಡಿಂಗ್‌ಗಳಿಂದ ಅವರ ಸ್ಯಾಕ್ಸೋಫೋನ್ ದನಿಯನ್ನು ಮಾತ್ರ ಬಿಡಿಸಿ ತೆಗೆದು, ಅದರ ಸುತ್ತ ಹೊಸ ಕಲಾವಿದರಿಂದ ಪಕ್ಕವಾದ್ಯ ನುಡಿಸಿದ್ದಾರೆ. ಈಗಿನ ಕಾಲದಲ್ಲಿ ಅದು ಸುಲಭ ಅನ್ನಿಸಬಹುದು, ಆದರೆ ಇದು 1988ರ ಮಾತು. ಧ್ವನಿಗೆ ಆಸ್ಕರ್ ಬಂತು. ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ನೋಡಿ, ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಇದು ದಕ್ಕುವುದಿಲ್ಲ. ಪಾರ್ಕರ್ ಆಗಿ ನಟಿಸಿದ ಫಾರೆಸ್ಟ್ ವಿಟೇಕರ್ ಅವರಿಗೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿದ್ದು ಈ ಪಾತ್ರಕ್ಕೇ. 1955ರಲ್ಲಿ ಪಾರ್ಕರ್ ತೀರಿಕೊಂಡಾಗ ಅವರಿಗೆ ಬರೀ 34 ವರ್ಷ, ಆದರೆ ದೇಹ ನೋಡಿದ ವೈದ್ಯರಿಗೆ ಅದು ತುಂಬಾ ವಯಸ್ಸಾದವರ ದೇಹ ಅನ್ನಿಸಿತ್ತು. ಆ ಸುಸ್ತು ವಿಟೇಕರ್ ಅವರ ಭುಜದಲ್ಲೇ ಕಾಣುತ್ತದೆ.

‘ರೇ’ 2004ರದು, ಎಲ್ಲರಿಗೂ ಗೊತ್ತಿರುವುದು. ಕಣ್ಣು ಕಾಣದ ಗಾಯಕ, ಪಿಯಾನೋ ವಾದಕ ರೇ ಚಾರ್ಲ್ಸ್ ಆ ಜೂನ್‌ನಲ್ಲಿ ತೀರಿಕೊಂಡರು, ಸಿನಿಮಾ ಅಕ್ಟೋಬರ್‌ನಲ್ಲಿ ತೆರೆಗೆ ಬಂತು. ರೇ ಆಗಿ ನಟಿಸಿದ ಜೇಮಿ ಫಾಕ್ಸ್ ಪಿಯಾನೋ ಕಲಿತವರು, ಪರದೆ ಮೇಲೆ ತಾವೇ ನುಡಿಸಿದ್ದಾರೆ. ಹಾಡಿನ ದನಿ ಹೆಚ್ಚಿನ ಕಡೆ ರೇ ಅವರದ್ದೇ. ಕಣ್ಣು ಮುಚ್ಚಿರುವ ಹಾಗೆ ರೆಪ್ಪೆಯ ಮೇಲೆ ಅಂಟಿಸಿಕೊಂಡು ಗಂಟೆಗಟ್ಟಲೆ ನಿಜವಾಗಿಯೂ ಏನೂ ಕಾಣದೆ ನಟಿಸಿದರು. ಆಸ್ಕರ್ ಬಂದಿದ್ದು ನ್ಯಾಯವೇ.

ಆದರೆ ನನಗೆ ಇಡೀ ಸಿನಿಮಾದಲ್ಲಿ ಬೇಕಾಗಿರುವುದು ಫಾಕ್ಸ್ ಇಲ್ಲದ ಒಂದು ದೃಶ್ಯ. ಹೊಸದಾಗಿ ಕಣ್ಣು ಹೋದ ಪುಟ್ಟ ಹುಡುಗ ಮನೆಯೊಳಗೆ ಎಡವಿ ಬೀಳುತ್ತಾನೆ, ಅಮ್ಮಾ ಅಂತ ಕೂಗುತ್ತಾನೆ. ಅಮ್ಮ ಅಲ್ಲೇ ಇದ್ದಾಳೆ. ಓಡಿಬಂದು ಎತ್ತಿಕೊಳ್ಳಬೇಕು ಅಂತ ಜೀವ ಒದ್ದಾಡಿದರೂ ಬಾಯಿ ಬಿಗಿಹಿಡಿದು ಸುಮ್ಮನೆ ನಿಂತಿರುತ್ತಾಳೆ. ಹುಡುಗ ಅಳು ನಿಲ್ಲಿಸುತ್ತಾನೆ. ನಿಧಾನಕ್ಕೆ ಒಂದೊಂದೇ ಸದ್ದು ಅವನ ಕಿವಿಗೆ ಬೀಳುತ್ತದೆ. ಕುದಿಯುವ ನೀರು, ಬೆಂಕಿ, ನೆಲದ ಮೇಲೊಂದು ಚಿಮ್ಮಂಡೆ. ಅದನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಕೊನೆಗೆ ಅಮ್ಮನ ಉಸಿರೂ ಕೇಳುತ್ತದೆ ಅವನಿಗೆ. ಕಿವಿ ತೆರೆಯುವುದು ಅಂದರೆ ಇದೇ ಅಲ್ವಾ? ಶಾರನ್ ವಾರೆನ್ ಎಂಬ ನಟಿ ಆ ತಾಯಿ, ಅವರ ಮುಖ ನನಗೆ ಇನ್ನೂ ಕಣ್ಣ ಮುಂದಿದೆ. ನಾನು ಈ ಪ್ರಕಾರದ ಸಿನಿಮಾಗಳಿಂದ ಕೇಳುವುದೆಲ್ಲ ಆ ಮೂರ್ನಾಲ್ಕು ನಿಮಿಷದಲ್ಲಿ ಇದೆ.

ಇದೇ ಸಿನಿಮಾ ಇನ್ನೊಂದು ಕಡೆ ಸುಳ್ಳು ಹೇಳುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಕೂರಿಸುವ ಕಾರ್ಯಕ್ರಮದಲ್ಲಿ ಹಾಡಲ್ಲ ಅಂದಿದ್ದಕ್ಕೆ ಜಾರ್ಜಿಯಾ ರಾಜ್ಯ ರೇ ಅವರ ಮೇಲೆ ನಿಷೇಧ ಹಾಕಿತು, 1979ರಲ್ಲಿ ಕ್ಷಮೆ ಕೇಳಿತು ಅಂತ ತೋರಿಸಿದ್ದಾರೆ. ಜಾರ್ಜಿಯಾದ ಆಗಸ್ಟಾ ಊರಿನ ಕಾರ್ಯಕ್ರಮವನ್ನು 1961ರಲ್ಲಿ ಅವರು ಬಿಟ್ಟಿದ್ದು ನಿಜ, ಒಪ್ಪಂದ ಮುರಿದಿದ್ದಕ್ಕೆ ದಂಡ ಕಟ್ಟಿದ್ದೂ ನಿಜ, ಅವರು ಹಾಡಿದ ಹಾಡು 1979ರಲ್ಲಿ ರಾಜ್ಯದ ಗೀತೆ ಆಗಿದ್ದೂ ನಿಜ. ನಿಷೇಧ ಮಾತ್ರ ಆಗಿರಲೇ ಇಲ್ಲ. ನಡೆದದ್ದೇ ಅಷ್ಟು ಗಟ್ಟಿ ಇರುವಾಗ ಇದನ್ನು ಯಾಕೆ ಸೇರಿಸಬೇಕಿತ್ತು?

ಈಗ ‘ಗೆಟ್ ಆನ್ ಅಪ್’. 2014ರ ಸಿನಿಮಾ, ಫಂಕ್ ಗಾಯಕ ಜೇಮ್ಸ್ ಬ್ರೌನ್ ಆಗಿ ಚಾಡ್ವಿಕ್ ಬೋಸ್‌ಮನ್. ಕಥೆ ಹಿಂದೆ ಮುಂದೆ ಜಿಗಿಯುತ್ತದೆ, ಮೊದಲ ಸಲ ನೋಡುವಾಗ ಯಾವ ವರ್ಷದಲ್ಲಿ ಇದ್ದೇವೆ ಅಂತಲೇ ಕೆಲವು ಕಡೆ ಗೊತ್ತಾಗುವುದಿಲ್ಲ. ಹೆಂಡತಿಗೆ ಹೊಡೆಯುವ ಬ್ರೌನ್ ಅನ್ನು ಒಂದು ಚಿಕ್ಕ ದೃಶ್ಯದಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ, ಅದು ನನಗೆ ಸರಿ ಅನ್ನಿಸಲಿಲ್ಲ. ಆದರೂ ನನ್ನ ಪ್ರಶ್ನೆಗೆ ನೇರ ಉತ್ತರ ಕೊಟ್ಟ ಸಿನಿಮಾ ಇದೇ.

ರಿಹರ್ಸಲ್ ದೃಶ್ಯ ಅದು. ಬ್ರೌನ್ ಕೇಳುತ್ತಿರುವುದು ಸಂಗೀತದ ಲೆಕ್ಕಕ್ಕೆ ಕೂರುವುದಿಲ್ಲ ಅಂತ ಸ್ಯಾಕ್ಸೋಫೋನಿನ ಮೇಸಿಯೋ ಪಾರ್ಕರ್ ಹೇಳುತ್ತಾರೆ. ಆಗ ಬ್ರೌನ್ ಒಬ್ಬೊಬ್ಬರನ್ನೇ ನಿಲ್ಲಿಸಿ, ನಿನ್ನ ಕೈಯಲ್ಲಿ ಇರುವ ವಾದ್ಯ ಯಾವುದು ಅಂತ ಕೇಳುತ್ತಾ ಹೋಗುತ್ತಾರೆ. ಗಿಟಾರ್ ಅಂದರೆ ಒಪ್ಪುವುದಿಲ್ಲ, ಸ್ಯಾಕ್ಸೋಫೋನ್ ಅಂದರೂ ಒಪ್ಪುವುದಿಲ್ಲ. ಎಲ್ಲರ ಕೈಯಲ್ಲಿ ಇರುವುದೂ ಡ್ರಮ್ಮೇ, ಅದೇ ಅವರಿಗೆ ಬೇಕಾದ ಉತ್ತರ. ಫಂಕ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ದೃಶ್ಯ ತೋರಿಸುತ್ತೇನೆ. 1967ರ ‘ಕೋಲ್ಡ್ ಸ್ವೆಟ್’ ಕೇಳಿ ನೋಡಿ, ಗಿಟಾರ್, ಬೇಸ್, ತುತ್ತೂರಿ ಎಲ್ಲವೂ ಬಡಿಯುವ ವಾದ್ಯಗಳೇ ಆಗಿವೆ. ತಾಳದ ಮೊದಲ ಪೆಟ್ಟಿನ ಮೇಲೆ ಬ್ರೌನ್ ಬಿಡದೆ ಒತ್ತು ಕೊಡುತ್ತಿದ್ದರು. ತಾಳ ಹಾಕಿ ಸಂಗೀತ ಕೇಳಿ ಬೆಳೆದ ನಮಗೆ ಅದು ಚೆನ್ನಾಗಿ ಅರ್ಥ ಆಗುತ್ತದೆ. ನಡುವೆ ಎಲ್ಲಿ ಬೇಕಾದರೂ ಅಡ್ಡಾಡಿ ಬನ್ನಿ, ಸಮಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ ಬಂದು ಬೀಳಬೇಕು, ತಪ್ಪಿದರೆ ದಂಡ. ಬ್ರೌನ್ ವಾದ್ಯದವರಿಗೆ ನಿಜವಾಗಿಯೂ ದಂಡ ಹಾಕುತ್ತಿದ್ದರು.

ಬ್ಲೂಸ್ ಹಾಡುಗಳನ್ನು ಹೊರತಂದ ಚೆಸ್ ರೆಕಾರ್ಡ್ಸ್ ಕಂಪನಿ ಮೇಲಿನ ‘ಕ್ಯಾಡಿಲಾಕ್ ರೆಕಾರ್ಡ್ಸ್’ (2008) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಡ್ಡಿ ವಾಟರ್ಸ್, ಲಿಟಲ್ ವಾಲ್ಟರ್, ಹೌಲಿನ್ ವುಲ್ಫ್, ಎಟಾ ಜೇಮ್ಸ್, ಚಕ್ ಬೆರಿ, ಎಲ್ಲರನ್ನೂ ಎರಡು ಗಂಟೆಯೊಳಗೆ ತುಂಬಿದ್ದಾರೆ. ಕಂಪನಿ ನಡೆಸಿದ ಅಣ್ಣತಮ್ಮಂದಿರಲ್ಲಿ ತಮ್ಮ ಫಿಲ್ ಚೆಸ್ ಕಾಣುವುದೇ ಇಲ್ಲ. ಜೆಫ್ರಿ ರೈಟ್ ಅವರ ಮಡ್ಡಿ ವಾಟರ್ಸ್‌ಗಾಗಿ ಒಮ್ಮೆ ನೋಡಬಹುದು. ಡಾನ್ ಚೀಡಲ್ ಮಾಡಿದ ‘ಮೈಲ್ಸ್ ಅಹೆಡ್’ನಲ್ಲಿ ಕದ್ದ ಟೇಪಿನ ಹಿಂದೆ ಕಾರಿನಲ್ಲಿ ಓಡಾಡುವ ಕಟ್ಟುಕಥೆ ಇದೆ. ಜಾಝ್ ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಅಂಥವರಿಗೆ ಅದು ಬೇಕಿರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೆಟ್‌ಫ್ಲಿಕ್ಸ್‌ನ ‘ಮಾ ರೇನೀಸ್ ಬ್ಲ್ಯಾಕ್ ಬಾಟಮ್’ (2020). ಇದು ಪೂರ್ತಿ ಜೀವನಕಥೆ ಅಲ್ಲ. ಆಗಸ್ಟ್ ವಿಲ್ಸನ್ ಅವರ ನಾಟಕದಿಂದ ಬಂದದ್ದು, ಮಾ ರೇನೀ ನಿಜವಾದ ಗಾಯಕಿ, ಉಳಿದದ್ದು ಹೆಚ್ಚಿನದು ಕಲ್ಪನೆ. 1927ರ ಶಿಕಾಗೋ, ಸೆಕೆ, ಒಂದು ಸ್ಟುಡಿಯೋ, ಒಂದು ದಿನದ ರೆಕಾರ್ಡಿಂಗ್. ಅಷ್ಟೇ. ತಂಪು ಕೋಕಾ ಕೋಲಾ ತರುವವರೆಗೂ ಮಾ ರೇನೀ ಹಾಡುವುದಿಲ್ಲ. ಮಾತು ತೊದಲುವ ತನ್ನ ಸೋದರಳಿಯನೇ ಹಾಡಿನ ಮೊದಲ ಮಾತು ಹೇಳಬೇಕು ಅಂತ ಹಟ ಹಿಡಿದು, ಅವನಿಗೆ ಸರಿಯಾಗಿ ಬರುವವರೆಗೂ ಎಲ್ಲರನ್ನೂ ಕಾಯಿಸುತ್ತಾಳೆ. ತನ್ನ ದನಿ ರೆಕಾರ್ಡ್ ಆದಮೇಲೆ ಈ ಬಿಳಿ ಯಜಮಾನರಿಗೆ ತಾನು ಬೇಡ ಅಂತ ಅವಳಿಗೆ ಗೊತ್ತು, ಅದಕ್ಕೇ ಸಹಿ ಹಾಕುವ ಮೊದಲೇ ಎಲ್ಲ ವಸೂಲಿ ಮಾಡುತ್ತಾಳೆ. ವಯೋಲಾ ಡೇವಿಸ್ ಬೆವರುತ್ತಾ ಬೀಸಣಿಗೆ ಬೀಸಿಕೊಳ್ಳುತ್ತಾ ಕೂತರೆ ಕೋಣೆ ಪೂರಾ ಅವರದೇ. ಕೆಳಗೆ ನೆಲಮಾಳಿಗೆಯಲ್ಲಿ ಬ್ಯಾಂಡಿನವರು ಹಾಡು ಹೇಗೆ ಶುರು ಮಾಡಬೇಕು ಅಂತ ಜಗಳ ಆಡುತ್ತಾರೆ. ಟ್ರಂಪೆಟ್ ನುಡಿಸುವ ಲೆವೀ ಪಾತ್ರ ಬೋಸ್‌ಮನ್ ಅವರ ಕೊನೆಯ ಸಿನಿಮಾ ಪಾತ್ರ. ಸಿನಿಮಾ ಬಿಡುಗಡೆ ಆಗುವ ಮೊದಲೇ, ಆ ಆಗಸ್ಟ್‌ನಲ್ಲಿ, ಅವರು ಹೋಗಿಬಿಟ್ಟರು. ಲೆವೀ ತೆರೆಯಲಾಗದ ಒಂದು ಬಾಗಿಲ ಜೊತೆ ಗುದ್ದಾಡುತ್ತಲೇ ಇರುತ್ತಾನೆ. ಅದರಾಚೆ ಏನಿದೆ ಅಂತ ನಾನು ಹೇಳುವುದಿಲ್ಲ, ಕೊನೆಯ ದೃಶ್ಯವನ್ನೂ ಹೇಳುವುದಿಲ್ಲ.

ಎಲ್ಲವಕ್ಕೂ ಸಮಯ ಇಲ್ಲ ಅನ್ನುವವರು ಇದನ್ನು ಮೊದಲು ನೋಡಿ, ಒಂದೂವರೆ ಗಂಟೆ ಸಾಕು. ಆಮೇಲೆ ‘ಗೆಟ್ ಆನ್ ಅಪ್’. ಅದರಲ್ಲಿ ನ್ಯೂಯಾರ್ಕಿನ ಅಪೊಲೊ ಥಿಯೇಟರ್ ಕಾರ್ಯಕ್ರಮ ಬರುತ್ತದೆ. 1962ರ ಅಕ್ಟೋಬರ್‌ನಲ್ಲಿ, ರೆಕಾರ್ಡ್ ಕಂಪನಿ ಬೇಡ ಅಂದರೂ, ಬ್ರೌನ್ ಸ್ವಂತ ದುಡ್ಡು ಹಾಕಿ ಅದನ್ನು ರೆಕಾರ್ಡ್ ಮಾಡಿಸಿದರು. ಆ ಆಲ್ಬಂ ಅರ್ಧ ಗಂಟೆಯದು, ಸಿನಿಮಾ ಮುಗಿದ ರಾತ್ರಿಯೇ ಕೇಳಿ. ‘ಲಾಸ್ಟ್ ಸಮ್‌ವನ್’ ಹಾಡು ಹತ್ತು ನಿಮಿಷಕ್ಕೂ ಜಾಸ್ತಿ ಇದೆ. ಬ್ರೌನ್ ದನಿ ತಗ್ಗಿಸುತ್ತಾ ಹೋದಾಗ ಸಭೆಯಿಂದ ಹೆಂಗಸರು ಕಿರುಚುವುದು ಸ್ಪಷ್ಟವಾಗಿ ಕೇಳಿಸುತ್ತದೆ, ಆ ಕಿರುಚಾಟಕ್ಕೆ ಅವರು ಹಾಡಿನೊಳಗಿಂದಲೇ ಉತ್ತರ ಕೊಡುತ್ತಾರೆ.